ತಾಮ್ರದ ಫಲ್ಸ್ ಓದುವ ಬಗೆ: ಬುಖಾರಾದಿಂದ ಉಜ್ಗೆಂದ್‌ವರೆಗಿನ ಟಂಕಸಾಲೆಗಳಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಒಂದು ನಾಣ್ಯ ಮೇಳದಲ್ಲಿ ‘ಹಳೇ ಅರಬ್ಬಿ ಕಾಸು’ ಎಂದು ಚೀಟಿ ಅಂಟಿಸಿದ್ದ ತಟ್ಟೆಯಿಂದ ಆರಿಸಿಕೊಂಡ ಬಿಲ್ಲೆಯೊಂದು ಈಗ ನನ್ನ ಮೇಜಿನ ಮೇಲಿದೆ. ಕಂದು ಬಣ್ಣ, ಅಲ್ಲಲ್ಲಿ ಹಸಿರು, ಒಂದು ಕಡೆ ಅಂಚು ಸವೆದು ತೆಳ್ಳಗಾಗಿದೆ. ತೂಕ 2.7 ಗ್ರಾಂ. ಇದು ಎಲ್ಲಿಯದು, ಯಾವಾಗಿನದು, ಯಾರದು ಎಂದು ಓದಿ ಮುಗಿಸಲು ನನಗೆ ಮೂರು ವಾರ ಹಿಡಿಯಿತು. ಇವತ್ತು ಅಂಥದ್ದೇ ಇನ್ನೊಂದು ಬಿಲ್ಲೆ ಕೊಟ್ಟರೆ ಅರ್ಧ ಗಂಟೆ ಸಾಕು. ಆ ಮೂರು ವಾರದಲ್ಲಿ ಕಲಿತದ್ದನ್ನು, ಅರಬ್ಬಿ ಬಾರದ ಕನ್ನಡಿಗರೂ ಅನುಸರಿಸಬಹುದಾದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಬೆಳ್ಳಿ ಬಂಗಾರ ಬಿಟ್ಟು ತಾಮ್ರವೇ ಯಾಕೆ ಅಂತ ಕೇಳುವವರಿದ್ದಾರೆ. ಮಧ್ಯ ಏಷ್ಯಾದ (ಇಂದಿನ ಉಜ್ಬೇಕಿಸ್ತಾನದ) ಬುಖಾರಾವನ್ನು ರಾಜಧಾನಿ ಮಾಡಿಕೊಂಡಿದ್ದ ಸಮಾನಿ ಅರಸರ ಬೆಳ್ಳಿಯ ದಿರ್ಹಮ್‌ಗಳು ತುಪ್ಪುಳಿನ, ಗುಲಾಮರ ವ್ಯಾಪಾರದ ಬೆನ್ನು ಹತ್ತಿ ವೋಲ್ಗಾ ನದಿ ದಾಟಿ ಸ್ವೀಡನ್‌ವರೆಗೂ ಹೋದವು. ಅಲ್ಲಿನ ಹೊಲಗಳಲ್ಲಿ ಇಂದಿಗೂ ಅವುಗಳ ನಿಧಿ ಸಿಗುತ್ತದೆ. ಫಲ್ಸ್ ಎಂಬ ತಾಮ್ರದ ಚಿಲ್ಲರೆ ಕಾಸು ಹಾಗೆ ದೇಶಾಂತರ ಹೋಗುತ್ತಿರಲಿಲ್ಲ. ರೊಟ್ಟಿ, ಕಲ್ಲಂಗಡಿ, ಹಿಡಿ ಸೊಪ್ಪು ಕೊಳ್ಳಲು ಊರಿನ ಸಂತೆಯಲ್ಲೇ ಕೈಯಿಂದ ಕೈಗೆ ತಿರುಗುತ್ತಿತ್ತು. ಹೀಗಾಗಿ ಒಂದು ಪಟ್ಟಣ ಯಾವ ವರ್ಷ ಯಾರ ಕೈಯಲ್ಲಿತ್ತು ಎಂಬುದನ್ನು ಬೆಳ್ಳಿಗಿಂತ ತಾಮ್ರ ಚೆನ್ನಾಗಿ ಹೇಳುತ್ತದೆ. ಯಾವ ಗ್ರಂಥದಲ್ಲೂ ಹೆಸರು ಸಿಗದ ಸಣ್ಣ ಒಡೆಯರು ತಾಮ್ರದ ಅಂಚಿನಲ್ಲಿ ಮಾತ್ರ ಉಳಿದಿದ್ದಾರೆ. ನಾವು ಹುಡುಕಬೇಕಾದ್ದು ಊರಿನ ಹೆಸರನ್ನು ಮತ್ತು ಆ ಸಣ್ಣ ಒಡೆಯನ ಹೆಸರನ್ನು. ಮುಂದೆ ಹೇಳುವ ಎಲ್ಲ ಹೆಜ್ಜೆಯೂ ಇದಕ್ಕಾಗಿಯೇ.

ಹೆಜ್ಜೆ 1: ತೊಳೆಯುವ ಆಸೆ ಬಿಡಿ

ತಾಮ್ರ ಕಂಡ ಕೂಡಲೇ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ದೇವರ ತಂಬಿಗೆಗೆ ಅದು ಸರಿ, ಸಾವಿರ ವರ್ಷದ ಬಿಲ್ಲೆಗೆ ವಿಷ. ನಿಂಬೆ, ವಿನೆಗರ್, ಪಾತ್ರೆ ತಿಕ್ಕುವ ಪುಡಿ, ತಂತಿ ಬ್ರಷ್ ಯಾವುದೂ ಬೇಡ. ಹಳೆಯ ನಾಣ್ಯದ ಅಕ್ಷರ ಎಷ್ಟೋ ಸಲ ಮೂಲ ಲೋಹದಲ್ಲಿ ಉಳಿದಿರುವುದಿಲ್ಲ. ಲೋಹ ಕರಗಿ ಗಟ್ಟಿಯಾದ ಆ ಹಸಿರು ಕಂದು ಪದರದಲ್ಲೇ ಅಕ್ಷರದ ಆಕಾರ ನಿಂತಿರುತ್ತದೆ. ಹುಳಿ ಆ ಪದರವನ್ನು ತಿಂದರೆ ಅಕ್ಷರವೂ ಅದರೊಂದಿಗೇ ಹೋಗುತ್ತದೆ. ಹನ್ನೆರಡನೇ ಶತಮಾನದ ಒಂದು ನಾಣ್ಯದ ಮೇಲಿದ್ದ ತೆಳು ಬೆಳ್ಳಿಯ ಲೇಪವನ್ನು ನಾನು ಹೀಗೆಯೇ ಕಳೆದುಕೊಂಡೆ. ಅದು ಬೆಳ್ಳಿ ಎಂದು ಗೊತ್ತಾದದ್ದು ಹೋದ ಮೇಲೆ. ಆ ನೋವು ಇನ್ನೂ ಇದೆ.

ಮಣ್ಣು ಕಚ್ಚಿಕೊಂಡಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ. ದಿನಕ್ಕೊಮ್ಮೆ ನೀರು ಬದಲಿಸಿ, ನಾಲ್ಕೈದು ದಿನ ಬಿಡಿ. ನೆನೆದ ಮಣ್ಣನ್ನು ಮೆದು ಬ್ರಷ್‌ನಿಂದಲೋ ಬಿದಿರಿನ ಕಡ್ಡಿಯ ತುದಿಯಿಂದಲೋ ಭೂತಗನ್ನಡಿ ಹಿಡಿದು ಬಿಡಿಸಿ. ಒರೆಸಿ, ಗಾಳಿಯಾಡುವ ಕಡೆ ಪೂರ್ತಿ ಒಣಗಿಸಿ.

ಒಂದು ಎಚ್ಚರಿಕೆ: ಗಟ್ಟಿಯಾದ ಕಡು ಹಸಿರು ಪದರದಿಂದ ತೊಂದರೆಯಿಲ್ಲ. ಉಗುರು ತಾಗಿದರೆ ಪುಡಿಪುಡಿಯಾಗಿ ಉದುರುವ ತಿಳಿ ಹಸಿರಿನ ಚುಕ್ಕಿ ಕಂಡರೆ ಅದು ಕ್ಲೋರೈಡ್‌ನ ಕೆಲಸ. ತೇವ ಸಿಕ್ಕಿದರೆ ನಾಣ್ಯವನ್ನು ಒಳಗಿನಿಂದ ತಿನ್ನುತ್ತ ಹೋಗುತ್ತದೆ. ಅದನ್ನು ಉಳಿದವುಗಳಿಂದ ದೂರವಿಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು ಮಳೆಗಾಲಕ್ಕೆ ಮುಂಚೆ ಆ ಪೊಟ್ಟಣಗಳನ್ನು ಬದಲಿಸಲೇಬೇಕು. ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ ತಾಮ್ರಕ್ಕೆ ಆಗದು. ಆಮ್ಲವಿಲ್ಲದ ಕಾಗದದ ಲಕೋಟೆ ಸಾಕು.

ಹೆಜ್ಜೆ 2: ತೂಕ, ಅಳತೆ, ಬೆಳಕು

ಮೂರು ಸಾಮಾನು ಬೇಕು. ಅಕ್ಕಸಾಲಿಗರು ಬಳಸುವಂಥ, 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ. ಒಂದು ವರ್ನಿಯರ್ ಕ್ಯಾಲಿಪರ್. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿ. ತೂಕ ಮತ್ತು ವ್ಯಾಸ ಬರೆದಿಟ್ಟುಕೊಳ್ಳಿ. ಆದರೆ ತೂಕ ನೋಡಿ ತೀರ್ಮಾನಕ್ಕೆ ಬರಬೇಡಿ. ಬೆಳ್ಳಿ ನಾಣ್ಯವನ್ನು ತೂಗಿ ಹೊಡೆಯುತ್ತಿದ್ದಷ್ಟು ಜಾಗ್ರತೆ ತಾಮ್ರಕ್ಕೆ ಇರಲಿಲ್ಲ. ಒಂದೇ ಅಚ್ಚಿನ ಎರಡು ಫಲ್ಸ್‌ಗಳ ನಡುವೆ ಒಂದು ಗ್ರಾಂ ವ್ಯತ್ಯಾಸ ಬಂದರೂ ಅಚ್ಚರಿಯಿಲ್ಲ.

ಎಲ್ಲಕ್ಕಿಂತ ದೊಡ್ಡ ಸಾಧನ ಬೆಳಕು. ರಾತ್ರಿ ಕೋಣೆಯ ದೀಪ ಆರಿಸಿ, ನಾಣ್ಯವನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಮೊಬೈಲಿನ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಬದಿಯಿಂದ ಹಾಯಿಸಿ. ಹಗಲಲ್ಲಿ ನುಣ್ಣಗೆ ಕಂಡ ಜಾಗದಲ್ಲಿ ಗೆರೆಗಳು ಎದ್ದು ನಿಲ್ಲುತ್ತವೆ. ನಾಣ್ಯ ಅಲುಗಾಡಿಸದೆ ಟಾರ್ಚನ್ನು ಎಂಟು ದಿಕ್ಕಿಗೆ ಸರಿಸುತ್ತ ಎಂಟು ಫೋಟೊ ತೆಗೆಯಿರಿ. ಪೂರ್ವದ ಬೆಳಕಲ್ಲಿ ಕಾಣದ ಅಕ್ಷರ ಉತ್ತರದ ಬೆಳಕಲ್ಲಿ ಕಾಣುತ್ತದೆ. ನನ್ನ ಬಿಲ್ಲೆಯಲ್ಲಿ ಊರಿನ ಹೆಸರು ಸಿಕ್ಕಿದ್ದು ಆರನೇ ಫೋಟೊದಲ್ಲಿ.

ಹೆಜ್ಜೆ 3: ಯಾವ ಗುಂಪು?

ಓದುವ ಮುಂಚೆ ಬರೇ ನೋಟದಿಂದ ಕಾಲ ಊಹಿಸಬಹುದು.

ನಡುವೆ ಚೌಕ ತೂತು ಇದೆಯೇ? ಹಾಗಿದ್ದರೆ ಅದು ಎರಕ ಹೊಯ್ದ ಸೊಗ್ದಿ (ಸಮರ್ಕಂದ್ ಸೀಮೆಯ ಹಳೆಯ ಜನ) ನಾಣ್ಯ, ಏಳು–ಎಂಟನೇ ಶತಮಾನದ್ದು. ಚೀನಾದಲ್ಲಿ ಟಾಂಗ್ ಅರಸರು 621ರಲ್ಲಿ ಹೊರಡಿಸಿದ ಕಾಸಿನ ಮಾದರಿ ಹಿಡಿದು ಸಮರ್ಕಂದ್, ಪಂಜಿಕೆಂಟ್‌ಗಳಲ್ಲಿ ಮಾಡಿಸಿದ್ದು. ನಾಣ್ಯದ ಒಂದು ಮೈಯಲ್ಲಿ ಒಡೆತನದ ಗುರುತು, ಇನ್ನೊಂದು ಮೈಯಲ್ಲಿ ಸೊಗ್ದಿ ಬರಹ ಇರುತ್ತದೆ. ಈ ಮಾರ್ಗದರ್ಶಿ ಅದಕ್ಕೆ ಸಾಲದು, ಅದರದ್ದೇ ಬೇರೆ ವಿದ್ಯೆ.

ಕಿರೀಟ ತೊಟ್ಟ ಅರಸನ ಮುಖ, ಹಿಂದೆ ಅಗ್ನಿವೇದಿ ಕಂಡರೆ ಅದು ಬುಖಾರ್‌ಖುದಾ (ಬುಖಾರಾದ ಹಳೆಯ ಒಡೆಯರ ಬಿರುದು) ಮಾದರಿ. ಎಂಟನೇ ಶತಮಾನದ ಕೊನೆಯಲ್ಲಿ ಖೊರಾಸಾನಿನ (ಪರ್ಷಿಯಾದ ಪೂರ್ವದ ಪ್ರಾಂತ) ಅಧಿಕಾರಿಯಾಗಿ ಬಂದ ಘಿತ್ರೀಫ್ ಬಿನ್ ಅತಾ ಈ ಮಾದರಿಯನ್ನೇ ಬೆರಕೆ ಲೋಹದಲ್ಲಿ ಹೊಡೆಸಿದ. ಕಾರಣವನ್ನು ಹತ್ತನೇ ಶತಮಾನದಲ್ಲಿ ಬುಖಾರಾದ ಚರಿತ್ರೆ ಬರೆದ ನರ್ಶಖಿ ಹೇಳುತ್ತಾನೆ: ಒಳ್ಳೆಯ ಬೆಳ್ಳಿ ಹೊಡೆದರೆ ಊರು ಬಿಟ್ಟು ಹೋಗುತ್ತದೆ, ಊರಲ್ಲೇ ಉಳಿಯುವ ಹಣ ಬೇಕು ಎಂದು ಊರಿನವರೇ ಕೇಳಿಕೊಂಡರಂತೆ. ಬಂದ ನಾಣ್ಯ ಕಪ್ಪಗಾಯಿತು, ಜನ ಒಲ್ಲೆ ಅಂದರು, ಆರಕ್ಕೆ ಒಂದು ಬೆಳ್ಳಿ ದಿರ್ಹಮ್ ಎಂದು ದರ ಕಟ್ಟಿ ನಡೆಸಬೇಕಾಯಿತು. 921ರಲ್ಲಿ ಬಾಗ್ದಾದಿನಿಂದ ಹೊರಟು ಬುಖಾರಾಕ್ಕೆ ಬಂದ ಖಲೀಫನ ರಾಯಭಾರಿ ಇಬ್ನ್ ಫದ್ಲಾನ್ ಇದೇ ಘಿತ್ರೀಫಿ ಹಣ ಕಂಡು ಬೆರಗಾದ. ಅದನ್ನು ತೂಗದೆ ಎಣಿಸಿಯೇ ತೆಗೆದುಕೊಳ್ಳುತ್ತಿದ್ದರು, ಮದುವೆಯ ಕರಾರಿನಲ್ಲಿ ವಧುವಿಗೆ ಕೊಡುವ ಮಹರ್ ಮೊತ್ತವನ್ನೂ ಅದರಲ್ಲೇ ಬರೆಯುತ್ತಿದ್ದರು.

ಚಿತ್ರವೇ ಇಲ್ಲದೆ ಎರಡೂ ಮೈಯಲ್ಲಿ ಬರಹ ಮಾತ್ರ ಇದ್ದು, ಅಕ್ಷರ ನೇರ ಗೆರೆಗಳ ಕೂಫಿ ಎಂಬ ಹಳೆಯ ಅರಬ್ಬಿ ಲಿಪಿಯಲ್ಲಿದ್ದರೆ ಸಮಾನಿಗಳದ್ದು (ಒಂಬತ್ತು–ಹತ್ತನೇ ಶತಮಾನ) ಅಥವಾ ಅವರ ನಂತರ ಬಂದ ತುರ್ಕಿ ಮೂಲದ ಕರಾಖಾನಿಗಳದ್ದು (ಹತ್ತರ ಕೊನೆಯಿಂದ ಹದಿಮೂರರ ಆರಂಭ). ಕರಾಖಾನಿ ನಾಣ್ಯದ ನಡುವಿನಲ್ಲಿ ಹೂವು, ಗಂಟು, ಬಿಲ್ಲು, ಚೌಕ, ವೃತ್ತಗಳ ಕಟ್ಟು ಹೆಚ್ಚು, ಕೆಲವದರಲ್ಲಿ ಉಯ್ಘುರ್ ಲಿಪಿಯೂ ಬರುತ್ತದೆ. ಅಗಲವಾದ, ತೆಳುವಾದ, ಕಪ್ಪು ತಾಮ್ರದ ಮೇಲೆ ಬಿಳಿ ಹೊಳಪಿನ ತೇಪೆ ಉಳಿದ ಬಿಲ್ಲೆ ಹನ್ನೆರಡು–ಹದಿಮೂರನೇ ಶತಮಾನದ ಬೆಳ್ಳಿ ಲೇಪದ ದಿರ್ಹಮ್. ದಪ್ಪ ಬಿಲ್ಲೆ, ಬಾಗು ಬಳುಕಿನ ಅಕ್ಷರ ಇದ್ದರೆ ತೈಮೂರಿ (ತೈಮೂರನ ವಂಶದವರ) ಕಾಲ, ಹದಿನೈದನೇ ಶತಮಾನ.

ಹೆಜ್ಜೆ 4: ತಲೆ ಯಾವುದು, ಬುಡ ಯಾವುದು

ಅರಬ್ಬಿ ಬಲದಿಂದ ಎಡಕ್ಕೆ ಹೋಗುತ್ತದೆ. ಅಂಚಿನ ಸುತ್ತ ಬರೆದಾಗ ಅಕ್ಷರಗಳ ಪಾದ ನಾಣ್ಯದ ನಡುವಿನ ಕಡೆ ಇರುತ್ತದೆ, ಬರಹ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ನಾಣ್ಯವನ್ನು ತಿರುಗಿಸುತ್ತ, ನೀವು ಓದುವ ತುಂಡು ಯಾವಾಗಲೂ ಮೇಲ್ಭಾಗದಲ್ಲಿ ಇರುವಂತೆ ನೋಡಿಕೊಳ್ಳಿ.

ಮುಮ್ಮೈಯ ನಡುವೆ ಮೂರು ಸಾಲು: ಲಾ ಇಲಾಹ ಇಲ್ಲಾ / ಅಲ್ಲಾಹ್ ವಹ್ದಹು / ಲಾ ಶರೀಕ ಲಹು. ಹಿಮ್ಮೈಯ ನಡುವೆ ಮುಹಮ್ಮದ್ / ರಸೂಲ್ / ಅಲ್ಲಾಹ್. ಇವು ನೂರಾರು ನಾಣ್ಯಗಳಲ್ಲಿ ಹಾಗೇ ಬರುತ್ತವೆ, ಅದೇ ನಮಗೆ ಅನುಕೂಲ. ‘ಅಲ್ಲಾಹ್’ ಎಂಬಲ್ಲಿ ಎತ್ತರದ ಮೂರು ಗೆರೆ ಸಾಲಾಗಿ ನಿಂತು ಕೊನೆಗೆ ಗುಂಡನೆಯ ತಿರುವು ಇರುತ್ತದೆ. ಅದು ನೆಟ್ಟಗೆ ಕಂಡರೆ ನಾಣ್ಯ ನೆಟ್ಟಗಿದೆ. ಕನ್ನಡ ಕಲಿಯುವವನು ಮೊದಲು ‘ಶ್ರೀ’ ಗುರುತಿಸುವ ಹಾಗೆ ಇದನ್ನು ಗುರುತಿಸಿಕೊಳ್ಳಿ.

ಕೂಫಿಯಲ್ಲಿ ಚುಕ್ಕೆಗಳಿಲ್ಲ ಎಂಬುದೇ ಕಷ್ಟ. ಬ, ತ, ಥ, ನ, ಯ ಐದೂ ಒಂದು ಸಣ್ಣ ಹಲ್ಲಿನ ಹಾಗೆ ಕಾಣುತ್ತವೆ. ಜ, ಹ, ಖ ಮೂರಕ್ಕೂ ಒಂದೇ ಕೊಕ್ಕೆ. ರ ಮತ್ತು ಇಂಗ್ಲಿಷಿನ z ಧ್ವನಿಯ ‘ಜೆ’ ಎರಡೂ ಒಂದೇ ಬಾಗು. ಅದಕ್ಕೇ ಅಕ್ಷರ ಕೂಡಿಸಿ ಓದಲು ಹೋಗಬೇಡಿ. ಇಡೀ ಪದದ ರೂಪ ಮನಸ್ಸಿನಲ್ಲಿಟ್ಟುಕೊಂಡು ಹುಡುಕಿ.

ಹೆಜ್ಜೆ 5: ‘ಫಲ್ಸ್’ ಎಂಬ ಗೂಟ

ಅಂಚಿನ ವಾಕ್ಯದ ಕ್ರಮ ಹೀಗೆ: ಬಿಸ್ಮಿಲ್ಲಾಹ್, ದುರಿಬ ಹಾದಲ್ ಫಲ್ಸ್ ಬಿ-ಬುಖಾರಾ, ಸನ ಇಷ್ಟಿಷ್ಟು. ‘ದೇವರ ಹೆಸರಿನಲ್ಲಿ, ಈ ಫಲ್ಸನ್ನು ಬುಖಾರಾದಲ್ಲಿ ಇಂಥ ವರ್ಷ ಹೊಡೆಯಲಾಯಿತು’ ಎಂದು. ಇದರಲ್ಲಿ ನಮಗೆ ಹೊಸದು ಏನೂ ಇಲ್ಲ! ‘ದುರಿಬ’ ಎಂಬುದರ ಧಾತುವೇ ಪರ್ಷಿಯನ್ನರ ಬಾಯಲ್ಲಿ ‘ಜರ್ಬ್’. ಟಿಪ್ಪುವಿನ ಆನೆ ಕಾಸಿನ ಹಿಂದೆ ಇರುವ ‘ಜರ್ಬ್ ಪಟನ್’, ‘ಜರ್ಬ್ ನಗರ್’ ಇದೇ ಪದ. ‘ಸನ’ ಎಂಬುದು ನಮ್ಮ ಪಹಣಿಯ ‘ಸನ್’. ನಾಣ್ಯದ ಅಚ್ಚಿಗೆ ಅರಬ್ಬಿಯಲ್ಲಿ ‘ಸಿಕ್ಕಾ’, ನಮ್ಮ ಕಚೇರಿಗಳ ‘ಸಹಿ ಶಿಕ್ಕಾ’ ಅಲ್ಲಿಂದಲೇ ಬಂದದ್ದು.

ಅಂಚಿನಲ್ಲಿ ಮೊದಲು ‘ಅಲ್-ಫಲ್ಸ್’ ಹುಡುಕಿ. ಎರಡು ಎತ್ತರದ ಗೆರೆ, ಆಮೇಲೆ ಸಣ್ಣ ಗುಂಡು ತಲೆ, ಮತ್ತೆ ಒಂದು ಎತ್ತರದ ಗೆರೆ, ಕೊನೆಗೆ ಬಾಚಣಿಗೆಯಂಥ ಮೂರು ಹಲ್ಲು. ಅದು ಸಿಕ್ಕಿತೋ, ಅದರ ಎಡಕ್ಕೆ ಬರುವ ಪದವೇ ಊರು. ಊರು ಆದ ಮೇಲೆ ಸನ, ಅದಾದ ಮೇಲೆ ಇಸವಿ. ಈ ಒಂದು ಗೂಟ ನೆಟ್ಟರೆ ಉಳಿದದ್ದನ್ನು ಹಗ್ಗ ಹಿಡಿದು ಹೋಗಬಹುದು.

‘ಫಲ್ಸ್’ ಇರಬೇಕಾದ ಜಾಗದಲ್ಲಿ ‘ದಿರ್ಹಮ್’ ಕಂಡರೆ ನಿಲ್ಲಿ. ಹನ್ನೊಂದನೇ ಶತಮಾನದಲ್ಲಿ ಮಧ್ಯ ಏಷ್ಯಾದಲ್ಲಿ ಬೆಳ್ಳಿಯ ಬರ ಶುರುವಾಯಿತು. ಕರಾಖಾನಿ ದಿರ್ಹಮ್‌ನಲ್ಲಿ ತಾಮ್ರ ಹೆಚ್ಚುತ್ತ ಹೋಗಿ, ಕೊನೆಗೆ ತಾಮ್ರಕ್ಕೆ ಬೆಳ್ಳಿ ಲೇಪಿಸಿ ದಿರ್ಹಮ್ ಎಂದು ಕರೆಯುವ ಹಂತಕ್ಕೆ ಬಂತು. ಲೇಪ ಸವೆದ ಮೇಲೆ ಅದಕ್ಕೂ ಫಲ್ಸಿಗೂ ಬಣ್ಣದಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ಬಣ್ಣ ನೋಡಿ ‘ತಾಮ್ರದ ಕಾಸು’ ಎಂದು ಬರೆದುಕೊಂಡವರ ಸಂಗ್ರಹಗಳಲ್ಲಿ ಅರ್ಧಕ್ಕರ್ಧ ತಪ್ಪು ಇದೇ. ಪದ ಓದಿ, ಆಮೇಲೆ ಹೆಸರಿಡಿ.

ಹೆಜ್ಜೆ 6: ಟಂಕಸಾಲೆ

ಊರಿನ ಹೆಸರಿಗೆ ಮುಂಚೆ ‘ಬಿ’ ಎಂಬ ಒಂದು ಹಲ್ಲು ಅಂಟಿಕೊಂಡಿರುತ್ತದೆ, ‘ಅಲ್ಲಿ’ ಎಂಬರ್ಥದಲ್ಲಿ. ಇದನ್ನು ಮರೆತರೆ ಊರಿನ ಹೆಸರು ಎಂದಿಗೂ ಕೂಡುವುದಿಲ್ಲ.

ಬುಖಾರಾ: ಎರಡು ಹಲ್ಲು (ಬಿ, ಬ), ಒಂದು ಕೊಕ್ಕೆ, ಎತ್ತರದ ಗೆರೆ, ಕೆಳಗೆ ಬಾಗಿದ ರ, ಕೊನೆಗೆ ಮತ್ತೆ ಎತ್ತರದ ಗೆರೆ. ಚಿಕ್ಕ ಪದ, ಎರಡು ಕಂಬಗಳ ನಡುವೆ ಒಂದು ಬಾಗು. ಸಮಾನಿ ತಾಮ್ರದಲ್ಲಿ ಹೆಚ್ಚಾಗಿ ಸಿಗುವುದು ಇದೇ.

ಶಾಶ್, ಅಂದರೆ ಇಂದಿನ ತಾಷ್ಕೆಂಟ್ ಸೀಮೆ: ಎರಡು ಬಾಚಣಿಗೆ, ನಡುವೆ ಒಂದು ಕಂಬ. ದೂರದಿಂದಲೇ ಗುರುತು ಸಿಗುತ್ತದೆ. ಶಾಶ್‌ನ ಮುಖ್ಯ ಪಟ್ಟಣ ಬಿನ್‌ಕಥ್ ಹೆಸರಲ್ಲೂ ನಾಣ್ಯ ಇವೆ. ಅದರ ಪಕ್ಕದ ಈಲಾಕ್ ಎಂದರೆ ಅಂಗ್ರೆನ್ ನದಿಯ ಕಣಿವೆ, ಬೆಳ್ಳಿ ಗಣಿಗಳ ನಾಡು, ಅದರ ಪಟ್ಟಣ ತುನ್‌ಕಥ್.

ಸಮರ್ಕಂದ್: ಉದ್ದದ ಪದ, ಬಾಚಣಿಗೆಯಿಂದ ಶುರುವಾಗಿ ದ ಅಕ್ಷರದ ಮಡಿಕೆಯಲ್ಲಿ ಮುಗಿಯುತ್ತದೆ. ಆ ಕಾಲದ ಸಮರ್ಕಂದ್ ಇದ್ದದ್ದು ಅಫ್ರಾಸಿಯಾಬ್ ದಿಬ್ಬದ ಮೇಲೆ. 1220ರಲ್ಲಿ ಮಂಗೋಲರು ಹಾಳುಗೆಡವಿದ ಮೇಲೆ ಊರು ಪಕ್ಕಕ್ಕೆ ಸರಿಯಿತು.

ಫರ್ಘಾನಾ ಕಣಿವೆ ನನ್ನ ಮೆಚ್ಚಿನ ಪ್ರದೇಶ. ಒಂದೇ ಕಣಿವೆಯಲ್ಲಿ ಎಷ್ಟು ಟಂಕಸಾಲೆ! ಸಿರ್ ದರ್ಯಾ ನದಿಯ ದಡದಲ್ಲಿ ಅಖ್ಸಿಕಥ್, ಅದರ ಹಾಳು ದಿಬ್ಬ ಇಂದು ನಮಂಗಾನ್ ಬಳಿ ಇದೆ. ಕುಬಾ, ಅಂದರೆ ಇಂದಿನ ಕುವಾ. ನಸ್ರಾಬಾದ್, ಕಾಸಾನ್, ಮರ್ಘಿನಾನ್. ಪೂರ್ವದ ತುದಿಯಲ್ಲಿ ಉಜ್ಗೆಂದ್, ಈಗ ಕಿರ್ಗಿಸ್ತಾನದಲ್ಲಿದೆ, ಕರಾಖಾನಿ ಅರಸರ ಸಮಾಧಿ ಮಂದಿರಗಳು ಅಲ್ಲಿ ಇನ್ನೂ ನಿಂತಿವೆ. ಕೆಲವು ನಾಣ್ಯಗಳಲ್ಲಿ ಪಟ್ಟಣದ ಹೆಸರಿಲ್ಲದೆ ‘ಫರ್ಘಾನಾ’ ಎಂದಷ್ಟೇ ಇರುತ್ತದೆ. ಅದನ್ನು ಫರ್ಘಾನಾ ಎಂದೇ ಬರೆದುಕೊಳ್ಳಿ, ಅಖ್ಸಿಕಥ್ ಇರಬಹುದೆಂದು ನೀವೇ ಸೇರಿಸಬೇಡಿ.

ಇನ್ನೂ ಉತ್ತರಕ್ಕೆ ಇಸ್ಫೀಜಾಬ್ (ಇಂದಿನ ಸೈರಾಮ್), ತರಾಜ್, ಮತ್ತು ಬಲಸಾಗುನ್. ಬಲಸಾಗುನ್‌ಗೆ ನಾಣ್ಯಗಳಲ್ಲಿ ‘ಕುಜ್ ಓರ್ದು’ ಎಂಬ ಹೆಸರೂ ಇದೆ. ಟೊಕ್ಮೊಕ್ ಬಳಿಯ ಬುರಾನಾ ಗೋಪುರ ಇರುವ ಜಾಗವೇ ಅದೆಂದು ಗುರುತಿಸುತ್ತಾರೆ. ಇನ್ನೊಂದು ಟಂಕಸಾಲೆ ಕಾಶ್ಗರ್, ಇಂದು ಚೀನಾದಲ್ಲಿದೆ.

ಹೆಜ್ಜೆ 7: ಇಸವಿ

ಅಂಕಿಗಳು ಇರುವುದಿಲ್ಲ. ವರ್ಷವನ್ನು ಪದಗಳಲ್ಲಿ, ಬಿಡಿ–ಹತ್ತು–ನೂರು ಕ್ರಮದಲ್ಲಿ ಬರೆಯುತ್ತಾರೆ: ಐದು ಮತ್ತು ಐವತ್ತು ಮತ್ತು ಮುನ್ನೂರು. ಬಿಡಿಗಳು: ಇಹ್ದಾ, ಇಥ್ನತೈನ್, ಥಲಾಥ್, ಅರ್ಬ, ಖಮ್ಸ್, ಸಿತ್, ಸಬ್, ಥಮಾನ್, ತಿಸ್. ಹತ್ತರ ಸಾಲು: ಅಶ್ರ್, ಇಶ್ರೀನ್, ಥಲಾಥೀನ್, ಅರ್ಬಯೀನ್, ಖಮ್ಸೀನ್, ಸಿತ್ತೀನ್, ಸಬಯೀನ್, ಥಮಾನೀನ್, ತಿಸಯೀನ್. ನೂರರ ಸಾಲಿಗೆ ‘ಮಿಯ’ ಸೇರುತ್ತದೆ: ಮಿಯತೈನ್ ಇನ್ನೂರು, ಥಲಾಥ್‌ಮಿಯ ಮುನ್ನೂರು, ಅರ್ಬಮಿಯ ನಾನೂರು.

ಎಲ್ಲರೂ ಎಡವುವುದು ಏಳು ಮತ್ತು ಒಂಬತ್ತರಲ್ಲಿ. ‘ಸಬ್’ ಬರೆದರೆ ಮೂರು ಹಲ್ಲಿನ ಸ, ಒಂದು ಹಲ್ಲಿನ ಬ, ಕೊನೆಗೆ ಅಯಿನ್ ಎಂಬ ಅಕ್ಷರ. ‘ತಿಸ್’ ಬರೆದರೆ ಒಂದು ಹಲ್ಲಿನ ತ, ಮೂರು ಹಲ್ಲಿನ ಸ, ಕೊನೆಗೆ ಅದೇ ಅಯಿನ್. ಚುಕ್ಕೆ ಇಲ್ಲವಾದ್ದರಿಂದ ಎರಡಕ್ಕೂ ನಾಲ್ಕೇ ಹಲ್ಲು. ಒಳ್ಳೆಯ ಅಚ್ಚು ಕೊರೆಯುವವನು ಒಂಟಿ ಹಲ್ಲನ್ನು ಕೊಂಚ ಎತ್ತರ ಮಾಡುತ್ತಾನೆ. ಬಲಗಡೆಯ ಮೊದಲ ಹಲ್ಲು ಎತ್ತರ ಇದ್ದರೆ ಒಂಬತ್ತು, ಅಯಿನ್ ಪಕ್ಕದ ಕೊನೆಯ ಹಲ್ಲು ಎತ್ತರ ಇದ್ದರೆ ಏಳು. ಎಪ್ಪತ್ತು ತೊಂಬತ್ತಕ್ಕೂ ಇದೇ ಪರೀಕ್ಷೆ. ನಾಲ್ಕೂ ಹಲ್ಲು ಸಮವಾಗಿದ್ದರೆ ‘7 ಅಥವಾ 9’ ಎಂದೇ ಬರೆಯಿರಿ.

ಸಿಕ್ಕಿದ್ದು ಹಿಜರಿ, ಅಂದರೆ ಮುಸ್ಲಿಂ ಪಂಚಾಂಗದ ಚಾಂದ್ರಮಾನ ವರ್ಷ. ಅದನ್ನು ಕ್ರಿಸ್ತಶಕಕ್ಕೆ ತರಲು ಹಿಜರಿ ವರ್ಷದ ನೂರಕ್ಕೆ ಮೂರು ಪಾಲು ಕಳೆದು 622 ಕೂಡಿಸಿ. ಇದು ಅಂದಾಜು ಲೆಕ್ಕ, ಒಂದು ವರ್ಷ ಆಚೀಚೆ ಆಗಬಹುದು. ನಿಖರವಾಗಿ ಬೇಕಾದರೆ 0.970224ರಿಂದ ಗುಣಿಸಿ 621.57 ಕೂಡಿಸಿ. 355ಕ್ಕೆ ಮಾಡಿದರೆ 966.0 ಬರುತ್ತದೆ. ಹಿಜರಿ 355 ಶುರುವಾದದ್ದು 965ರ ಡಿಸೆಂಬರ್ ಕೊನೆಯಲ್ಲಿ, ಹಾಗಾಗಿ ಹೆಚ್ಚುಕಡಿಮೆ ಇಡೀ ವರ್ಷ 966ರಲ್ಲೇ ಬೀಳುತ್ತದೆ.

ಹೆಜ್ಜೆ 8: ಹೆಸರುಗಳು

ಹಿಮ್ಮೈಯ ಅಂಚಿನಲ್ಲಿ ‘ಮಿಮ್ಮಾ ಅಮರ ಬಿಹಿ ಅಲ್-ಅಮೀರ್...’ ಎಂದು ಬರುತ್ತದೆ, ‘ಇದು ಅಮೀರ ಇಂಥವನು ಅಪ್ಪಣೆ ಮಾಡಿದ್ದು’ ಎಂದು. ‘ಅಲ್-ಅಮೀರ್’ ಆದ ಮೇಲೆ ಬಿರುದುಗಳು, ಆಮೇಲೆ ಹೆಸರು, ‘ಬಿನ್’, ತಂದೆಯ ಹೆಸರು.

ಈಗ ನನ್ನ ಬಿಲ್ಲೆಗೆ ಬರೋಣ. ಮುಮ್ಮೈಯ ಅಂಚಿನಲ್ಲಿ ‘ಬಿ-ಬುಖಾರಾ ಸನ ಖಮ್ಸ್ ವ ಖಮ್...’ ಎಂಬಲ್ಲಿಗೆ ಲೋಹವೇ ಮುಗಿದಿದೆ. ಅಚ್ಚು ನಡುವಿಗೆ ಬೀಳದೆ ಪಕ್ಕಕ್ಕೆ ಬಿದ್ದದ್ದರಿಂದ ನೂರರ ಸ್ಥಾನ ಬಿಲ್ಲೆಯ ಆಚೆ ಹೋಗಿದೆ. ಹಿಮ್ಮೈಯಲ್ಲಿ ‘ಮನ್ಸೂರ್ ಬಿನ್ ನೂಹ್’. ಸಮಾನಿ ವಂಶದಲ್ಲಿ ಮನ್ಸೂರ್ ಬಿನ್ ನೂಹ್ ಇಬ್ಬರಿದ್ದಾರೆ. ಅಜ್ಜ ಆಳಿದ್ದು 961ರಿಂದ 976 (ಹಿಜರಿ 350–365), ಅದೇ ಹೆಸರಿನ ಮೊಮ್ಮಗ 997ರಿಂದ 999 (ಹಿಜರಿ 387–389). ಬರೀ ಹೆಸರು ನೋಡಿದ್ದರೆ ಇಬ್ಬರಲ್ಲಿ ಯಾರೆಂದು ಹೇಳುವಂತಿರಲಿಲ್ಲ. ಅಂಚಿನಲ್ಲಿ ಉಳಿದ ಅರ್ಧ ಪದ ‘ಖಮ್...’ ಐವತ್ತರ ದಶಕ ಎಂದು ಹೇಳಿತು, ಅಜ್ಜನ ಕಾಲ ಮುನ್ನೂರು ಎಂದು ಹೇಳಿತು. ಹಿಜರಿ 355, ಬುಖಾರಾ. ಹೀಗೆ ಹೆಸರಿನಿಂದ ಇಸವಿಯನ್ನೂ ಇಸವಿಯಿಂದ ಹೆಸರನ್ನೂ ಒಂದಕ್ಕೊಂದು ಒರೆಗೆ ಹಚ್ಚಬೇಕು. ನೂಹ್ ಬಿನ್ ನಸ್ರ್ (943–954) ಮತ್ತು ನೂಹ್ ಬಿನ್ ಮನ್ಸೂರ್ (976–997) ಇವರನ್ನೂ ತಂದೆಯ ಹೆಸರು ಓದದೆ ಬೇರೆ ಮಾಡಲಾಗದು.

ಫರ್ಘಾನಾದ ನಾಣ್ಯಗಳಲ್ಲಿ ಬುಖಾರಾದ ಅಮೀರನ ಹೆಸರಿನ ಜೊತೆಗೆ ಇನ್ನೊಂದು ಹೆಸರಿರುತ್ತದೆ. ನಸ್ರಾಬಾದ್‌ನ ಫಲ್ಸ್‌ಗಳಲ್ಲಿ ಮಲಿಕ್ ಬಿನ್ ಶುಕ್ರ್‌ತೆಗಿನ್, ಆಮೇಲೆ ಅವನ ಮಗ ಬಕ್ರ್ ಬಿನ್ ಮಲಿಕ್ ಕಾಣುತ್ತಾರೆ. ತಂದೆಯಿಂದ ಮಗನಿಗೆ ಊರಿನ ಒಡೆತನ ಇಳಿದು ಬಂದದ್ದನ್ನು ಈ ತಾಮ್ರವೇ ತೋರಿಸಿತು. ರಷ್ಯನ್ ವಿದುಷಿ ಎಲೆನಾ ಡೇವಿಡೊವಿಚ್ ಇಂಥ ನಾಣ್ಯಗಳ ಸಾಲು ಕಟ್ಟಿ ನಸ್ರಾಬಾದ್‌ನ ಒಡೆಯರ ಚರಿತ್ರೆಯನ್ನೇ ಬರೆದರು. ನಿಮ್ಮ ಕೈಯ ಫಲ್ಸ್‌ನಲ್ಲಿ ಕೇಂದ್ರದ ಅಮೀರನ ಹೆಸರು ಓದಿದ ಕೂಡಲೇ ನಿಲ್ಲಿಸದೆ, ನಡುವಿನ ಬರಹದ ಮೇಲೆ ಕೆಳಗೆ ಸಣ್ಣದಾಗಿ ಕೂತಿರುವ ಒಂದೇ ಒಂದು ಪದವನ್ನೂ ಬಿಡದೆ ನೋಡಿ. ಅಲ್ಲಿ ಇರುವುದು ಊರಿನ ಒಡೆಯ.

ಕರಾಖಾನಿ ನಾಣ್ಯಗಳಲ್ಲಿ ಇದು ಇನ್ನೂ ಗೋಜಲು. ರಾಜ್ಯ ಇಡೀ ಮನೆತನದ ಆಸ್ತಿ, ಅಣ್ಣತಮ್ಮಂದಿರಿಗೆ ಪಾಲು. ಒಂದೇ ನಾಣ್ಯದಲ್ಲಿ ಮೇಲಿನ ಖಾನ, ಅವನ ಕೆಳಗಿನ ಈಲಿಗ್, ಅವನ ಕೈಕೆಳಗಿನ ಊರಿನ ಒಡೆಯ, ಹೀಗೆ ಎರಡು ಮೂರು ಜನ. ಸಾಲದ್ದಕ್ಕೆ ಬಿರುದು ಬದಲಾಗುತ್ತ ಹೋಗುತ್ತದೆ. ತೆಗಿನ್ ಆಗಿದ್ದವನು ಮೇಲೇರಿದಂತೆ ಈಲಿಗ್, ಆಮೇಲೆ ಖಾನ್. 999ರಲ್ಲಿ ಬುಖಾರಾ ಹಿಡಿದು ಸಮಾನಿ ಆಳ್ವಿಕೆ ಮುಗಿಸಿದ ನಸ್ರ್ ಬಿನ್ ಅಲಿಯೇ ನಾಣ್ಯಗಳಲ್ಲಿ ಹೆಸರಿನಿಂದಲೂ, ಈಲಿಗ್ ಎಂದೂ, ‘ಮುಅಯ್ಯಿದ್ ಅಲ್-ಅದ್ಲ್’ ಎಂಬ ಬಿರುದಿನಿಂದಲೂ ಬರುತ್ತಾನೆ. ಮೂರು ಬೇರೆ ಬೇರೆ ಅರಸರು ಎಂದು ಎಣಿಸಿದವರುಂಟು. ಬೋರಿಸ್ ಕೋಚ್ನೆವ್ ತಮ್ಮ ಆಯುಷ್ಯದ ಬಹುಪಾಲನ್ನು ಈ ಬಿರುದುಗಳ ಸಿಕ್ಕು ಬಿಡಿಸಲಿಕ್ಕೇ ಕೊಟ್ಟರು. ನಾವು ಮಾಡಬೇಕಾದ್ದು ಇಷ್ಟು: ಕಂಡ ಬಿರುದನ್ನು ಕಂಡ ಹಾಗೇ ಬರೆದಿಡುವುದು, ಅದು ಯಾರೆಂಬ ಊಹೆಯನ್ನು ಬೇರೆ ಸಾಲಿನಲ್ಲಿ ಬರೆಯುವುದು.

ಖಲೀಫನ ಹೆಸರೂ ಸಹಾಯಕ್ಕೆ ಬರುತ್ತದೆ. ಬಾಗ್ದಾದಿನಲ್ಲಿ 991ರಲ್ಲಿ ಅತ್-ತಾಯಿಯನ್ನು ಇಳಿಸಿ ಅಲ್-ಕಾದಿರ್‌ನನ್ನು ಕೂರಿಸಿದರೂ ಸಮಾನಿಗಳು ಅದನ್ನು ಒಪ್ಪದೆ ಹಳೆಯ ಖಲೀಫನ ಹೆಸರನ್ನೇ ಹೊಡೆಸುತ್ತಿದ್ದರು. ಕರಾಖಾನಿಗಳು ಅಲ್-ಕಾದಿರ್‌ನನ್ನು ಒಪ್ಪಿಕೊಂಡರು. ಆ ದಶಕದ ನಾಣ್ಯದಲ್ಲಿ ‘ಅಲ್-ಕಾದಿರ್ ಬಿಲ್ಲಾಹ್’ ಕಂಡರೆ ಅದು ಯಾರ ಕಡೆಯದ್ದೆಂದು ಆಗಲೇ ಅರ್ಧ ಗೊತ್ತಾದಂತೆ.

ಹೆಜ್ಜೆ 9: ನಾಣ್ಯ ಹೇಳುವುದೆಲ್ಲ ಅಕ್ಷರಶಃ ಅಲ್ಲ

ಹದಿಮೂರನೇ ಶತಮಾನದ ಸಮರ್ಕಂದ್‌ನ ಕೆಲವು ಬೆಳ್ಳಿ ಲೇಪದ ದಿರ್ಹಮ್‌ಗಳಲ್ಲಿ ಪರ್ಷಿಯನ್ ಭಾಷೆಯ ಒಂದು ಅಪ್ಪಣೆ ಇದೆ: ಈ ದಿರ್ಹಮ್ ಸಮರ್ಕಂದ್ ಮತ್ತು ಸುತ್ತಲ ಸೀಮೆಯಲ್ಲಿ ನಡೆಯತಕ್ಕದ್ದು, ತೆಗೆದುಕೊಳ್ಳದವನು ಅಪರಾಧಿ. ಮಂಗೋಲರ ಹೊಡೆತದಿಂದ ಇನ್ನೂ ಏಳದ ಊರಲ್ಲಿ ತಾಮ್ರವನ್ನು ಬೆಳ್ಳಿಯ ಬೆಲೆಗೆ ತೆಗೆದುಕೊಳ್ಳಿ ಎಂದು ನಾಣ್ಯದ ಮೇಲೇ ಬರೆಸಬೇಕಾದರೆ, ಸಂತೆಯಲ್ಲಿ ಜನ ಬೇಡ ಎನ್ನುತ್ತಿದ್ದರು ಎಂದೇ ಓದಿಕೊಳ್ಳಬೇಕು. 1271ರಲ್ಲಿ ಮಂಗೋಲರ ಅಧಿಕಾರಿ ಮಸೂದ್ ಬೇಗ್ ಬೆಳ್ಳಿಯ ನಾಣ್ಯವನ್ನು ಮತ್ತೆ ಕ್ರಮಕ್ಕೆ ತಂದ ಮೇಲೆ ಪರಿಸ್ಥಿತಿ ಸುಧಾರಿಸಿತು.

ಇಸವಿಯೂ ಸುಳ್ಳು ಹೇಳಬಹುದು. ಸಮರ್ಕಂದ್‌ನ ತೈಮೂರಿ ಅರಸ ಉಲೂಘ್ ಬೇಗ್ ಹಿಜರಿ 832ರಲ್ಲಿ (1428–29) ತಾಮ್ರದ ಹಣವನ್ನು ಸುಧಾರಿಸಿ ಹೊಸ ಮಾದರಿಯ ಫಲ್ಸ್ ತಂದ. ಆಮೇಲೆ ಬುಖಾರಾದಲ್ಲಿ ವರ್ಷಗಟ್ಟಲೆ ಹೊಡೆದ ತಾಮ್ರದ ಮೇಲೂ 832 ಎಂದೇ ಉಳಿಯಿತು. ಹಾಗಾಗಿ ‘ಬುಖಾರಾ 832’ ಕಂಡರೆ ಆ ವರ್ಷದ್ದೇ ಎಂದು ಆಣೆ ಮಾಡಬೇಡಿ, ‘832 ಎಂದು ಬರೆದದ್ದು’ ಎನ್ನಿ.

ಈ ಕಾಲಕ್ಕೆ ನಮ್ಮ ನಾಡಿನ ಒಂದು ಕೊಂಡಿ ಇದೆ. ಉಲೂಘ್ ಬೇಗನ ತಂದೆ ಶಾರುಖ್ ಹೆರಾತ್‌ನಿಂದ ಕಳಿಸಿದ ರಾಯಭಾರಿ ಅಬ್ದುರ್ ರಜಾಕ್ ಸಮರ್ಕಂದಿ 1443ರಲ್ಲಿ ಎರಡನೇ ದೇವರಾಯನ ವಿಜಯನಗರಕ್ಕೆ ಬಂದ. ತಾಮ್ರದ ಹಣದ ಏರುಪೇರು ಕಂಡ ನಾಡಿನವನು ಇಲ್ಲಿನ ಹಣವನ್ನು ಗಮನವಿಟ್ಟು ನೋಡಿದ್ದಾನೆ: ಚಿನ್ನದ ವರಹ, ಅದರ ಅರ್ಧ ಪ್ರತಾಪ, ಚಿನ್ನದ್ದೇ ಹಣ, ಹಣದ ಆರರಲ್ಲೊಂದು ಬೆಳ್ಳಿಯ ತಾರ, ತಾರದ ಮೂರರಲ್ಲೊಂದು ತಾಮ್ರದ ಜಿತಲ್. ಸೀಮೆಗಳ ಆದಾಯ ಟಂಕಸಾಲೆಗೆ ಬಂದು ಸೇರುತ್ತದೆ, ಸಂಬಳ ಅಲ್ಲಿಂದ ಹೋಗುತ್ತದೆ ಎಂದೂ ಬರೆದಿದ್ದಾನೆ. ನಮ್ಮ ತಾಮ್ರದ ಕಾಸಿನ ಬೆಲೆ ಹೇಳಲು ಹೆರಾತ್‌ನಿಂದ ಬಂದವನ ಸಾಕ್ಷಿ ಇದೆ ಎಂಬುದು ನನಗೆ ಬಲು ಪ್ರೀತಿಯ ಸಂಗತಿ.

ಮರುಮುದ್ರೆಗಳನ್ನೂ ನೋಡಿ. ತೈಮೂರಿ ತಾಮ್ರದ ಮೇಲೆ ಚಿಕ್ಕ ಮುದ್ರೆಯೊತ್ತಿ ಹಳೆಯದನ್ನು ಮತ್ತೆ ಚಲಾವಣೆಗೆ ಬಿಡುತ್ತಿದ್ದರು. ಅದನ್ನು ಪೆಟ್ಟಿನ ಗಾಯ ಎಂದುಕೊಳ್ಳಬೇಡಿ. ಮುದ್ರೆಯೊಳಗೆ ಊರಿನ ಹೆಸರು ಇರುವುದುಂಟು.

ಹೆಜ್ಜೆ 10: ಹೋಲಿಸಿ, ಬರೆದಿಡಿ

ಓದಿದ್ದು ಸರಿಯೇ ಎಂದು ನೋಡಲು ಅಂತರ್ಜಾಲದಲ್ಲಿರುವ ‘ಜೆನೋ’ ಎಂಬ ಪೌರಸ್ತ್ಯ ನಾಣ್ಯಗಳ ಭಂಡಾರ ಒಳ್ಳೆಯದು, ಟಂಕಸಾಲೆವಾರು ಫೋಟೊಗಳಿವೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹವನ್ನೂ ಮನೆಯಿಂದಲೇ ಹುಡುಕಬಹುದು. ಹುಡುಕುವ ಮುಂಚೆ ನಿಮ್ಮ ಓದನ್ನು ಕಾಗದದ ಮೇಲೆ ಬರೆದಿಡಿ. ಮೊದಲೇ ಫೋಟೊ ನೋಡಿದರೆ ಇಲ್ಲದ ಅಕ್ಷರವೂ ಕಾಣತೊಡಗುತ್ತದೆ.

ಕೊಳ್ಳುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಣ್ಣು ಮೆತ್ತಿದ ರಾಶಿಯನ್ನು ಕಿಲೋ ಲೆಕ್ಕದಲ್ಲಿ ಮಾರುವವರಿಂದ ಕೊಳ್ಳಬೇಡಿ. ಅದು ಹಾಳು ದಿಬ್ಬಗಳನ್ನು ಕದ್ದು ಅಗೆದು ಬಂದದ್ದಾಗಿರಬಹುದು. ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಎಂಬ ಮಾಹಿತಿ ಕಳೆದುಕೊಂಡ ಫಲ್ಸ್ ತನ್ನ ಅರ್ಧ ಕತೆ ಕಳೆದುಕೊಂಡ ಹಾಗೆ. ಹಳೆಯ ಸಂಗ್ರಹದಿಂದ ಬಂದದ್ದಾದರೆ ಚೀಟಿ, ರಶೀದಿ ಜೊತೆಗೇ ಇಟ್ಟುಕೊಳ್ಳಿ. ನೂರು ವರ್ಷ ದಾಟಿದ ನಾಣ್ಯಕ್ಕೆ ನಮ್ಮಲ್ಲಿ 1972ರ ಪುರಾತನ ವಸ್ತು ಕಾಯ್ದೆ ಅನ್ವಯಿಸುತ್ತದೆ, ಅದನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಓದಲು ಕಲಿಯಲಿಕ್ಕೆ ಒಂದೇ ಒಂದು ನಾಣ್ಯ ಇಲ್ಲದೆಯೂ ಆಗುತ್ತದೆ, ಫೋಟೊಗಳೇ ಸಾಕು.

ನನ್ನ ಲಕೋಟೆಯ ಮೇಲೆ ಈಗ ಇರುವುದು ಹೀಗೆ: ಫಲ್ಸ್, ತಾಮ್ರ. ಸಮಾನಿ, ಮನ್ಸೂರ್ ಬಿನ್ ನೂಹ್. ಬುಖಾರಾ, [3]55. 2.7 ಗ್ರಾಂ, 26 ಮಿ.ಮೀ. ಅಚ್ಚು ಪಕ್ಕಕ್ಕೆ ಬಿದ್ದಿದೆ. ನೂರರ ಸ್ಥಾನ ಚೌಕ ಕಂಸದಲ್ಲಿದೆ, ಯಾಕೆಂದರೆ ಅದು ನಾಣ್ಯದಲ್ಲಿ ಇಲ್ಲ, ನಾನು ತುಂಬಿದ್ದು. ಕೊನೆಯ ಸಾಲಿನಲ್ಲಿ: ‘ಹಿಮ್ಮೈ, ನಡುವಿನ ಬರಹದ ಕೆಳಗೆ ಒಂದು ಪದ, ಮೂರು ಹಲ್ಲು ಮತ್ತು ಒಂದು ಬಾಗು, ಓದಬೇಕು.’